ಜಾಗ ಬಿಟ್ಟು ಕದಲದ ಕಂಪ್ಯೂಟರಿಗೆ ವೈರೇ ಸರಿ

ಪ್ರಶ್ನೆ: ನಮ್ಮ ಮನೆಗೆ ತಾಗಿಕೊಂಡೇ ಗ್ಯಾರೇಜ್ ಇದೆ. ಅಲ್ಲೊಂದು ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದೇನೆ. ರಿಪೇರಿ ಮ್ಯಾನ್ಯುಯಲ್ ತೆರೆಯಲು, ವಿಡಿಯೋ ನೋಡಿಕೊಂಡು ಕೆಲಸ ಮಾಡಲು, ಮನೆಯೊಳಗಿನ ಕಂಪ್ಯೂಟರಿನಿಂದ ಡ್ರಾಯಿಂಗ್ ಫೈಲು ತರಿಸಿಕೊಳ್ಳಲು ಅದು ಬೇಕು. ರೂಟರ್ ಇರುವುದು ಮನೆಯ ಇನ್ನೊಂದು ತುದಿಯಲ್ಲಿ, ನಡುವೆ ಮೂರು ಗೋಡೆ. ವೈಫೈ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ರಿಪೀಟರ್ ತಂದು ಗ್ಯಾರೇಜಿನಲ್ಲೇ ಹಾಕಿದೆ. ಈಗ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿಕೊಂಡಿವೆ, ವೇಗ ಮಾತ್ರ ಇದ್ದಲ್ಲೇ ಇದೆ. ಒಂದು ಹಳೆಯ ರೂಟರ್ ಮನೆಯಲ್ಲಿ ಸುಮ್ಮನೆ ಬಿದ್ದಿದೆ. ಹೆಚ್ಚು ಖರ್ಚಿಲ್ಲದೆ ಏನು ಮಾಡಬಹುದು?

ಉತ್ತರ: ರೂಟರಿನಿಂದ ಗ್ಯಾರೇಜಿನವರೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆಯಿರಿ. ಗ್ಯಾರೇಜು ಮನೆಗೆ ತಾಗಿಕೊಂಡಿದೆ ಎಂದಿದ್ದೀರಿ, ಡೆಸ್ಕ್‌ಟಾಪ್ ಮೇಜು ಬಿಟ್ಟು ಕದಲುವುದಿಲ್ಲ. ಇವೆರಡು ಗೊತ್ತಾದ ಮೇಲೆ ಬೇರೆ ಸಲಹೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಕೈಯಲ್ಲಿ ಹಿಡಿದು ಓಡಾಡುವ ಫೋನಿಗೆ ವೈಫೈ ಬೇಕೇ ಬೇಕು. ಕೂತಲ್ಲೇ ಕೂತಿರುವ ಯಂತ್ರಕ್ಕೆ ಮೂರು ಗೋಡೆ ದಾಟಿಸಿ ಗಾಳಿಯಲ್ಲಿ ಮಾತು ಕಳಿಸುವ ಕಷ್ಟ ಯಾಕೆ? ಕೇಬಲ್ ಒಮ್ಮೆ ಸರಿಯಾಗಿ ಕೂತರೆ ವರ್ಷಗಟ್ಟಲೆ ಅದರ ಕಡೆ ತಿರುಗಿ ನೋಡಬೇಕಿಲ್ಲ. ರೂಟರ್ ಬದಲಾಗುತ್ತದೆ, ಕಂಪ್ಯೂಟರ್ ಬದಲಾಗುತ್ತದೆ, ಗೋಡೆಯ ಮೇಲಿನ ಕೇಬಲ್ ಹಾಗೇ ಇರುತ್ತದೆ. ಅದಕ್ಕೇ ನೆಟ್‌ವರ್ಕಿಗೆಂದು ಎತ್ತಿಟ್ಟ ಹಣ ಮೊದಲು ಹೋಗಬೇಕಾದದ್ದು ಕೇಬಲ್ಲಿಗೆ, ಮಿನುಗುವ ಪೆಟ್ಟಿಗೆಗಳಿಗಲ್ಲ.

ರಿಪೀಟರ್ ಯಾಕೆ ಕೈಕೊಟ್ಟಿತು ಎಂಬುದನ್ನು ಮೊದಲು ಹೇಳುತ್ತೇನೆ, ಇದೇ ತೊಂದರೆ ಬಹಳ ಮಂದಿಗೆ ಆಗುತ್ತದೆ. ನಿಮಗೆ ಕಾಣುತ್ತಿರುವ ಕಡ್ಡಿಗಳು ಕಂಪ್ಯೂಟರಿಗೂ ರಿಪೀಟರಿಗೂ ನಡುವಿನ ಸಿಗ್ನಲ್ಲಿನವು. ಅವೆರಡೂ ಒಂದೇ ಕೋಣೆಯಲ್ಲಿವೆ, ಕಡ್ಡಿ ತುಂಬದೆ ಏನು? ರಿಪೀಟರಿಗೂ ಮನೆಯ ರೂಟರಿಗೂ ನಡುವಿನ ಸಿಗ್ನಲ್ ಎಷ್ಟಿದೆ ಎಂಬುದನ್ನು ಆ ಕಡ್ಡಿಗಳು ತೋರಿಸುವುದೇ ಇಲ್ಲ. ಕಂಪ್ಯೂಟರಿಗೆ ಸರಿಯಾಗಿ ಕೇಳಿಸದಿದ್ದ ಜಾಗದಲ್ಲಿ ರಿಪೀಟರಿಗೂ ಸರಿಯಾಗಿ ಕೇಳಿಸುವುದಿಲ್ಲ. ಅರ್ಧಂಬರ್ಧ ಕೇಳಿದ್ದನ್ನೇ ಅದು ಗಟ್ಟಿ ದನಿಯಲ್ಲಿ ಮತ್ತೆ ಹೇಳುತ್ತದೆ, ಅಷ್ಟೆ. ಇನ್ನೂ ಒಂದು ವಿಷಯ ಇದೆ. ಒಂದೇ ರೇಡಿಯೋ ಇರುವ ರಿಪೀಟರ್ ಕೇಳುವುದೂ ಹೇಳುವುದೂ ಒಂದೇ ಚಾನೆಲ್ಲಿನಲ್ಲಿ. ಒಮ್ಮೆ ಬಂದ ಮಾತನ್ನು ಅದೇ ಗಾಳಿಯಲ್ಲಿ ಇನ್ನೊಮ್ಮೆ ಕಳಿಸಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಳಸಲೇಬೇಕೆಂದರೆ ರಿಪೀಟರ್ ಇರಬೇಕಾದದ್ದು ದಾರಿಯ ನಡುವೆ, ರೂಟರಿನ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ.

ಸಿಗ್ನಲ್ಲಿನ ಬಲವನ್ನು ಕಡ್ಡಿಗಳ ಬದಲು ಅಂಕಿಯಲ್ಲಿ ನೋಡುವುದು ಒಳ್ಳೆಯದು. ಫೋನಿಗೆ ಸಿಗುವ ಯಾವುದೇ ವೈಫೈ ಅನಲೈಸರ್ ಆ್ಯಪ್ ಅದನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. ಮೈನಸ್ 50ರ ಆಸುಪಾಸು ಇದ್ದರೆ ಬಹಳ ಚೆನ್ನಾಗಿದೆ, ಮೈನಸ್ 67ರವರೆಗೂ ವಿಡಿಯೋ ತಡೆಯಿಲ್ಲದೆ ಓಡುತ್ತದೆ, ಮೈನಸ್ 80 ತಲುಪಿದರೆ ಕೈಬಿಟ್ಟ ಹಾಗೆಯೇ. ಈ ಅಂಕಿಗಳು ಸರಳ ಲೆಕ್ಕದವಲ್ಲ ಎಂಬುದನ್ನು ನೆನಪಿಡಿ. ಮೂರು ಅಂಕಿ ಇಳಿದರೆ ಶಕ್ತಿ ಅರ್ಧವಾಗುತ್ತದೆ, ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲಾಗುತ್ತದೆ. ರೂಟರಿನ ಪಕ್ಕದಲ್ಲಿ ಮೈನಸ್ 40, ಗ್ಯಾರೇಜಿನಲ್ಲಿ ಮೈನಸ್ 70 ಎಂದರೆ ಅಲ್ಲಿ ಮುಟ್ಟುತ್ತಿರುವುದು ಸಾವಿರದಲ್ಲಿ ಒಂದು ಪಾಲು. ಗ್ಯಾರೇಜಿಗೆ ಕಬ್ಬಿಣದ ಶಟರ್ ಅಥವಾ ತಗಡಿನ ಮಾಡು ಇದ್ದರೆ ಪರಿಸ್ಥಿತಿ ಇನ್ನೂ ಕಷ್ಟ. ರೇಡಿಯೋ ಅಲೆಗಳು ಲೋಹವನ್ನು ದಾಟುವುದಿಲ್ಲ, ಬಡಿದು ಹಿಂದಿರುಗುತ್ತವೆ.

ಈಗ ನಿಮಗೆ ಬೇಕಾದ ವೇಗ ಎಷ್ಟು ಎಂದು ನೋಡೋಣ. ಸಾಮಾನ್ಯ ಹೈ ಡೆಫಿನಿಷನ್ ವಿಡಿಯೋಗೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು. ಮ್ಯಾನ್ಯುಯಲ್ ತೆರೆಯುವುದಕ್ಕೆ ಅದೂ ಬೇಡ. ನಿಜವಾಗಿ ವೇಗ ಬೇಡುವುದು ಮನೆಯ ಕಂಪ್ಯೂಟರಿನಿಂದ ದೊಡ್ಡ ಫೈಲು ತರಿಸುವ ಕೆಲಸ. ಒಂದು ಗಿಗಾಬೈಟಿನ ಫೈಲು 100 ಮೆಗಾಬಿಟ್ ಕೊಂಡಿಯಲ್ಲಿ ಸುಮಾರು ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ, ಗಿಗಾಬಿಟ್ ಕೊಂಡಿಯಲ್ಲಿ ಒಂಬತ್ತು ಹತ್ತು ಸೆಕೆಂಡು. ಹಾಗಾಗಿ ಹಳೆಯ ರೂಟರಿನ ಪೋರ್ಟುಗಳು 100 ಮೆಗಾಬಿಟ್ಟಿನವೇ ಆಗಿದ್ದರೂ ಬೇಸರಪಡಬೇಡಿ. ಈಗ ಅದು ಸಾಕು. ಕೇಬಲ್ ಮಾತ್ರ ಗಿಗಾಬಿಟ್ ಹೊರುವಂಥದ್ದೇ ಇರಲಿ, ಮುಂದೆಂದೋ ಆ ರೂಟರಿನ ಜಾಗದಲ್ಲಿ ಗಿಗಾಬಿಟ್ ಸ್ವಿಚ್ಚು, ಅಂದರೆ ಒಂದು ಕೇಬಲ್ಲನ್ನು ಹಲವು ಯಂತ್ರಗಳಿಗೆ ಹಂಚುವ ಪೆಟ್ಟಿಗೆ, ಇಟ್ಟರೆ ವೇಗ ತಾನಾಗಿ ಹತ್ತು ಪಟ್ಟಾಗುತ್ತದೆ.

ಕೇಬಲ್ ಕೊಳ್ಳುವ ಮೊದಲು ದಾರಿ ಗೊತ್ತುಮಾಡಿಕೊಳ್ಳಿ. ಒಂದು ಉದ್ದದ ದಾರ ಹಿಡಿದು, ಕೇಬಲ್ ಹೋಗಬೇಕಾದ ದಾರಿಯಲ್ಲೇ ಗೋಡೆಯ ಮೂಲೆ, ಬಾಗಿಲ ಚೌಕಟ್ಟು, ಏರಿಳಿತಗಳನ್ನೆಲ್ಲ ಸೇರಿಸಿ ಅಳೆಯಿರಿ. ಅದಕ್ಕೆ ಎರಡು ತುದಿಯಲ್ಲೂ ಎರಡೆರಡು ಮೀಟರ್ ಕೂಡಿಸಿ. ತಾಮ್ರದ ನೆಟ್‌ವರ್ಕ್ ಕೇಬಲ್ಲಿಗೆ 100 ಮೀಟರ್ ಗಡಿ ಇದೆ, ಮನೆಯೊಳಗೆ ನೀವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕರೆಂಟಿನ ವೈರುಗಳ ಪೈಪಿನೊಳಗೇ ಇದನ್ನೂ ತೂರಿಸುವುದು ಸುಲಭ ಎನಿಸುತ್ತದೆ, ಖಂಡಿತ ಮಾಡಬೇಡಿ. ಅದು ಅಪಾಯ. ಪಕ್ಕಪಕ್ಕದಲ್ಲೇ ಹೋಗಬೇಕಾಗಿ ಬಂದರೆ ಒಂದು ಗೇಣಿನಷ್ಟು ಅಂತರ ಬಿಡಿ, ದಾಟಲೇಬೇಕಾದ ಕಡೆ ಅಡ್ಡಲಾಗಿ, ಲಂಬಕೋನದಲ್ಲಿ ದಾಟಿಸಿ.

ಗೋಡೆಗೆ ತೂತು ಕೊರೆಯುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕೇಬಲ್ಲನ್ನು ತೆರೆದ ಬಾಗಿಲಿನ ಮೂಲಕ ನೆಲದ ಮೇಲೇ ಹಾಸಿ, ಎರಡು ತುದಿಯಲ್ಲೂ ಜೋಡಿಸಿ, ಒಂದು ದಿನ ಬಳಸಿ ನೋಡಿ. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಡ್ರಿಲ್ ಹಿಡಿಯಿರಿ. ಹೊರಗೋಡೆಯಲ್ಲಿ ತೂತು ಕೊರೆಯುವಾಗ ಒಳಗಿನಿಂದ ಹೊರಗೆ ಸ್ವಲ್ಪ ಇಳಿಜಾರು ಇರಲಿ, ಮಳೆಯ ನೀರು ಒಳಗೆ ಹರಿಯುವುದಿಲ್ಲ. ಕೇಬಲ್ ತೂತಿನೊಳಗೆ ಹೋಗುವ ಮುಂಚೆ ಒಂದು ಬಳುಕು ಕೆಳಕ್ಕೆ ತೂಗುವಂತೆ ಬಿಟ್ಟರೆ ಕೇಬಲ್ ಗುಂಟ ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗ್ಯಾರೇಜ್ ಎಂದ ಮೇಲೆ ಇಲಿಗಳೂ ಇರುತ್ತವೆ, ಅವಕ್ಕೆ ಕೇಬಲ್ಲಿನ ಪ್ಲಾಸ್ಟಿಕ್ ಕಂಡರೆ ಬಲು ಪ್ರೀತಿ. ಪೂರ್ತಿ ಅಲ್ಲದಿದ್ದರೂ ನೆಲದ ಹತ್ತಿರದ ಭಾಗಕ್ಕಾದರೂ ಪೈಪು ಹಾಕಿ. ಪೈಪಿನಲ್ಲಿ ಕೇಬಲ್ ಜೊತೆ ಒಂದು ನೈಲಾನ್ ದಾರವನ್ನೂ ಬಿಟ್ಟಿರಿ, ಇನ್ನೊಂದು ಕೇಬಲ್ ಎಳೆಯಬೇಕಾದ ದಿನ ಅದು ಕೆಲಸಕ್ಕೆ ಬರುತ್ತದೆ.

ಕೇಬಲ್ಲಿನ ಆಯ್ಕೆಯಲ್ಲಿ ಮಾತ್ರ ಕೈಬಿಗಿ ಮಾಡಬೇಡಿ. ಕ್ಯಾಟ್ 5ಇ ಎಂಬ ದರ್ಜೆಯ ಕೇಬಲ್ ನಿಮಗೆ ಧಾರಾಳ ಸಾಕು, 100 ಮೀಟರಿನವರೆಗೂ ಗಿಗಾಬಿಟ್ ವೇಗ ಹೊರುತ್ತದೆ. ಕ್ಯಾಟ್ 6 ಅದೇ ಬೆಲೆಗೆ ಸಿಕ್ಕರೆ ತನ್ನಿ. ಕ್ಯಾಟ್ 7, ಕ್ಯಾಟ್ 8 ಎಂದು ಹೊಳೆಯುವ ಪೊಟ್ಟಣಗಳಲ್ಲಿ ಮಾರುವವು ನಿಮ್ಮ ಕೆಲಸಕ್ಕೆ ಬೇಕಿಲ್ಲ. ಬಿಸಿಲು ಬೀಳುವ ಕಡೆ ಹೋಗುವುದಾದರೆ ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯ ಕೇಬಲ್ ಬೇಕು. ಒಳಾಂಗಣದ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಸೆಟೆದು ಬಿರುಕು ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಿನ ಎಳೆ ಯಾವುದರದ್ದು ಎಂಬುದು. ಅಲ್ಯೂಮಿನಿಯಂ ಎಳೆಗೆ ತೆಳ್ಳಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಮಾರುಕಟ್ಟೆಯಲ್ಲಿ ಯಥೇಚ್ಛ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೆಲೆ ಮಾತ್ರ ಕಡಿಮೆ. ಪೊಟ್ಟಣದ ಮೇಲೆ ಸಿಸಿಎ ಎಂಬ ಮೂರಕ್ಷರ ಸಣ್ಣದಾಗಿ ಇರಬಹುದು, ಇಲ್ಲದೆಯೂ ಇರಬಹುದು. ಅಲ್ಯೂಮಿನಿಯಂ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ವಿದ್ಯುತ್ ರೋಧ ಒಡ್ಡುತ್ತದೆ, ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ. ನಾನೊಮ್ಮೆ ಇಂಥ ಕೇಬಲ್ ಗೊತ್ತಿಲ್ಲದೆ ತಂದು ಗೋಡೆಯೊಳಗೆ ಕೂರಿಸಿದ್ದೆ. ಮೊದಲ ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ದಿನಕ್ಕೊಮ್ಮೆ ಸಂಪರ್ಕ ತಪ್ಪತೊಡಗಿತು. ರೂಟರ್ ಬದಲಿಸಿದೆ, ಕಂಪ್ಯೂಟರಿನ ಕಾರ್ಡ್ ಬದಲಿಸಿದೆ, ಕಡೆಗೆ ಕನೆಕ್ಟರಿನ ಬುಡದಲ್ಲಿ ಎಳೆ ಒಳಗೊಳಗೇ ಮುರಿದಿರುವುದು ಕಂಡಿತು. ಗೋಡೆ ಒಡೆದು ಮತ್ತೆ ಎಳೆಯಬೇಕಾಯಿತು. ನೀವು ಕೊಳ್ಳುವಾಗ ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಲೇ ಇಟ್ಟು ಬನ್ನಿ. ತೂಕದಲ್ಲೂ ತಿಳಿಯುತ್ತದೆ, ತಾಮ್ರದ ಸುರುಳಿ ಕೈಗೆ ಭಾರ.

ನಿಮಗೆ ಬೇಕಾದ ಉದ್ದದ, ಎರಡೂ ಕಡೆ ಪ್ಲಗ್ ಹಾಕಿದ ತಯಾರು ಕೇಬಲ್ ಸಿಕ್ಕರೆ ಅದನ್ನೇ ತನ್ನಿ. ಒಂದೇ ಕಂಪ್ಯೂಟರಿಗಾಗಿ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಟೆಸ್ಟರ್ ಕೊಳ್ಳುವುದಕ್ಕಿಂತ ಅದೇ ಅಗ್ಗ. ತೊಂದರೆಯೆಂದರೆ ಪ್ಲಗ್ ತೂರಲು ತೂತು ದೊಡ್ಡದಿರಬೇಕು. ನಾನಾದರೆ ಸುರುಳಿ ಕೇಬಲ್ ಎಳೆದು ತುದಿಗಳನ್ನು ನಾನೇ ಕಟ್ಟುತ್ತೇನೆ. ಈ ಕೆಲಸ ಕಲಿಯಲು ಒಂದು ಮಧ್ಯಾಹ್ನ ಸಾಕು, ಕಲಿತದ್ದು ಬದುಕಿಡೀ ಉಪಯೋಗಕ್ಕೆ ಬರುತ್ತದೆ.

ಕೇಬಲ್ಲಿನ ಹೊದಿಕೆ ಸುಲಿದರೆ ಎಂಟು ಎಳೆ, ಬತ್ತಿ ಹೊಸೆದ ಹಾಗೆ ನಾಲ್ಕು ಜೋಡಿ. ಒಂದು ಜೋಡಿಯ ಎರಡು ಎಳೆಗಳಲ್ಲಿ ಒಂದೇ ಸಂಕೇತ ಉಲ್ಟಾ ಪಲ್ಟಾ ಆಗಿ ಹರಿಯುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಒಂದೇ ರೀತಿ ತಗಲುತ್ತದೆ, ಆ ತುದಿಯಲ್ಲಿ ಎರಡರ ವ್ಯತ್ಯಾಸ ತೆಗೆದಾಗ ಗದ್ದಲ ಕಳೆದುಹೋಗಿ ಸಂಕೇತ ಮಾತ್ರ ಉಳಿಯುತ್ತದೆ. ಮೋಟರು, ಗ್ರೈಂಡರು ಓಡುವ ಗ್ಯಾರೇಜಿನಲ್ಲೂ ಸಾದಾ ಕೇಬಲ್ ಕೆಲಸ ಮಾಡುವುದು ಈ ಹೊಸೆತದಿಂದ. ಆದ್ದರಿಂದ ತುದಿಯಲ್ಲಿ ಹೊಸೆತ ಬಿಚ್ಚುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, 13 ಮಿಲಿಮೀಟರ್ ಮೀರಬಾರದು. ಕೇಬಲ್ಲನ್ನು ಮೂಲೆಯಲ್ಲಿ ಮಡಚಬೇಡಿ, ದುಂಡಗೆ ಬಾಗಿಸಿ.

ಪ್ಲಗ್ಗಿನ ಕೊಕ್ಕೆ ಕೆಳಮುಖವಾಗಿ, ಎಳೆ ತೂರಿಸುವ ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿಯಿರಿ. ಎಡದಿಂದ ಬಲಕ್ಕೆ ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ತುದಿಯಲ್ಲೂ ಇದೇ ಸಾಲು. ಹಸಿರು ಜೋಡಿ ನೀಲಿಯ ಆಚೆಗೊಂದು ಈಚೆಗೊಂದು ಆಗಿ ಕೂತಿರುವುದನ್ನು ಗಮನಿಸಿ, ಎಲ್ಲರೂ ಎಡವುವುದು ಇಲ್ಲೇ. ‘ಎರಡೂ ಕಡೆ ಒಂದೇ ಥರ ಇದ್ದರಾಯಿತಲ್ಲ’ ಎಂದುಕೊಂಡು ಜೋಡಿಗಳನ್ನು ಸಾಲಾಗಿ ಕೂರಿಸಿದರೆ ದೀಪ ಬೆಳಗುವ ಅಗ್ಗದ ಟೆಸ್ಟರ್ ಎಂಟೂ ಎಳೆ ಸರಿ ಎಂದೇ ಹೇಳುತ್ತದೆ. ಆದರೆ ಮೂರು ಮತ್ತು ಆರನೆಯ ಎಳೆಗಳು ಒಂದೇ ಜೋಡಿಯವು ಆಗಿರುವುದಿಲ್ಲ, ಹೊಸೆತದ ಲಾಭ ಹೋಗುತ್ತದೆ, ಸಂಪರ್ಕ ಬಂದರೂ ತಡವರಿಸುತ್ತದೆ. ಎಂಟೂ ಎಳೆಗಳ ತುದಿ ಪ್ಲಗ್ಗಿನ ಮುಂದಿನ ಗೋಡೆಗೆ ಮುಟ್ಟಿರಬೇಕು, ಹೊರ ಹೊದಿಕೆ ಪ್ಲಗ್ಗಿನ ಒಳಗೆ ಸಿಕ್ಕಿಕೊಂಡಿರಬೇಕು. ಇವೆರಡನ್ನು ಕಣ್ಣಲ್ಲಿ ನೋಡಿಕೊಂಡು ಆಮೇಲೆ ಕ್ರಿಂಪ್ ಒತ್ತಿ.

ಇನ್ನು ಆ ಹಳೆಯ ರೂಟರ್. ಅದನ್ನು ಗ್ಯಾರೇಜಿಗೆ ತನ್ನಿ, ಬಹಳ ಒಳ್ಳೆಯ ಸಾಮಾನು. ಕೇಬಲ್ಲಿನ ಆ ತುದಿಗೆ ಅದನ್ನು ಜೋಡಿಸಿದರೆ ಎರಡು ಕೆಲಸ ಆಗುತ್ತವೆ. ಅದರ ಹಿಂದಿನ ಪೋರ್ಟುಗಳು ಸ್ವಿಚ್ಚಿನ ಹಾಗೆ ಕೆಲಸ ಮಾಡಿ ಡೆಸ್ಕ್‌ಟಾಪಿಗೂ ಪ್ರಿಂಟರಿಗೂ ವೈರು ಕೊಡುತ್ತವೆ. ಅದರ ರೇಡಿಯೋ ಗ್ಯಾರೇಜಿನಲ್ಲಿ ಫೋನಿಗೆ ವೈಫೈ ಕೊಡುತ್ತದೆ. ಇದಕ್ಕೆ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಕೆಲವು ರೂಟರಿನ ಸೆಟ್ಟಿಂಗ್ಸಿನಲ್ಲಿ ಇದೇ ಹೆಸರಿನ ಆಯ್ಕೆ ಇರುತ್ತದೆ, ಅದನ್ನು ಆರಿಸಿದರೆ ಕೆಲಸ ಮುಗಿಯಿತು.

ಇಲ್ಲದಿದ್ದರೆ ಕೈಯಿಂದ ಮಾಡಬೇಕು, ಕ್ರಮ ತಪ್ಪಬಾರದು. ಹಳೆಯ ರೂಟರನ್ನು ಮನೆಯ ನೆಟ್‌ವರ್ಕಿಗೆ ಜೋಡಿಸದೆ, ಬರೀ ಒಂದು ಕಂಪ್ಯೂಟರಿಗೆ ವೈರಿನಿಂದ ಕಟ್ಟಿ. ಹಿಂದಿನ ಸಣ್ಣ ತೂತಿನಲ್ಲಿ ಸೂಜಿಯಿಂದ ರೀಸೆಟ್ ಒತ್ತಿ ಹಳೆಯ ನೆನಪುಗಳನ್ನೆಲ್ಲ ಅಳಿಸಿ. ಬ್ರೌಸರಿನಲ್ಲಿ ಅದರ ಪುಟ ತೆರೆದು, ಮೊದಲು ಹೊಸ ಅಡ್ಮಿನ್ ಪಾಸ್‌ವರ್ಡ್ ಹಾಕಿ. ಆಮೇಲೆ ವೈಫೈ ಹೆಸರು, ಪಾಸ್‌ವರ್ಡುಗಳನ್ನು ಮನೆಯ ರೂಟರಿನದ್ದೇ ಇಡಿ. ಫೋನ್ ಮನೆಯಿಂದ ಗ್ಯಾರೇಜಿಗೆ ಬಂದಾಗ ತಾನೇ ಬದಲಾಯಿಸಿಕೊಳ್ಳುತ್ತದೆ. ಚಾನೆಲ್ ಮಾತ್ರ ಬೇರೆ ಇರಲಿ. ವೈಫೈಯ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11. ಮನೆಯದು 1ರಲ್ಲಿದ್ದರೆ ಇದನ್ನು 6 ಅಥವಾ 11ಕ್ಕೆ ಹಾಕಿ. ನಂತರ ಲ್ಯಾನ್ ವಿಳಾಸ, ಅಂದರೆ ಮನೆಯೊಳಗಿನ ನೆಟ್‌ವರ್ಕಿನಲ್ಲಿ ಈ ರೂಟರಿನ ವಿಳಾಸ. ಮನೆಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಮನೆಯ ರೂಟರ್ ಬೇರೆ ಯಂತ್ರಗಳಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಈ ಅಂಕಿ ಇಲ್ಲದಂತೆ ನೋಡಿಕೊಳ್ಳಿ. ಕಟ್ಟಕಡೆಗೆ ಇದರಲ್ಲಿ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿ ಆಫ್ ಮಾಡಿ.

ಡಿಎಚ್‌ಸಿಪಿ ಆಫ್ ಮಾಡುವುದು ಯಾಕೆ? ನೆಟ್‌ವರ್ಕಿಗೆ ಬಂದ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಹಂಚುವವರು ಬೇಕು. ಆ ಹಂಚಿಕೆ ಒಂದೇ ಕೈಯಲ್ಲಿರಬೇಕು. ಇಬ್ಬರು ಹಂಚತೊಡಗಿದರೆ ಒಂದೇ ವಿಳಾಸ ಎರಡು ಯಂತ್ರಕ್ಕೆ ಹೋಗಬಹುದು, ಅಥವಾ ದಾರಿ ತಿಳಿಯದ ರೂಟರನ್ನೇ ದಾರಿಯೆಂದು ಕಂಪ್ಯೂಟರ್ ನಂಬಬಹುದು. ಆಗ ಇಂಟರ್ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ಕಾರಣ ಹುಡುಕುವುದು ಬಲು ಕಷ್ಟ. ಎಲ್ಲ ಮುಗಿದ ಮೇಲೆ ಮನೆಯಿಂದ ಬಂದ ಕೇಬಲ್ಲನ್ನು ಹಳೆಯ ರೂಟರಿನ ಲ್ಯಾನ್ ಪೋರ್ಟಿಗೆ ಹಾಕಿ. ಬೇರೆ ಬಣ್ಣದಲ್ಲಿ, ಒಂಟಿಯಾಗಿ ಕಾಣುವ, ಇಂಟರ್ನೆಟ್ ಕಡೆಯ ವ್ಯಾನ್ ಪೋರ್ಟ್ ಖಾಲಿಯೇ ಇರಲಿ. ಅದಕ್ಕೆ ಹಾಕಿದರೆ ಗ್ಯಾರೇಜು ಬೇರೆಯೇ ನೆಟ್‌ವರ್ಕ್ ಆಗಿಬಿಡುತ್ತದೆ. ಇಂಟರ್ನೆಟ್ ಬರುತ್ತದೆ, ಆದರೆ ಮನೆಯ ಕಂಪ್ಯೂಟರಿನಿಂದ ಗ್ಯಾರೇಜಿನ ಯಂತ್ರಗಳನ್ನು ತಲುಪಲು ಆಗುವುದಿಲ್ಲ, ನೆಟ್‌ವರ್ಕ್ ಪಟ್ಟಿಯಲ್ಲಿ ಅವು ಒಂದಕ್ಕೊಂದು ಕಾಣುವುದೂ ಇಲ್ಲ. ‘ಇಂಟರ್ನೆಟ್ ಇದೆ, ಫೋಲ್ಡರ್ ಕಾಣುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ವೈರು ಯಾವ ಪೋರ್ಟಿನಲ್ಲಿದೆ ಎಂದೇ.

ಕೇಬಲ್ ಎಳೆಯಲು ಸಾಧ್ಯವೇ ಇಲ್ಲ ಎಂದಾದರೆ, ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಬಿಡದೆ ಹೋಗಬಹುದು, ಎರಡು ದಾರಿ ಉಳಿಯುತ್ತವೆ. ಒಂದು, ಕರೆಂಟ್ ವೈರಿಂಗಿನ ಮೇಲೆಯೇ ನೆಟ್‌ವರ್ಕ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಜೋಡಿ. ಒಂದನ್ನು ರೂಟರಿನ ಪಕ್ಕದ ಸಾಕೆಟ್ಟಿಗೆ, ಇನ್ನೊಂದನ್ನು ಗ್ಯಾರೇಜಿನ ಸಾಕೆಟ್ಟಿಗೆ ಚುಚ್ಚುವುದು. ಗೋಡೆಯ ಸಾಕೆಟ್ಟಿಗೇ ಚುಚ್ಚಬೇಕು. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್, ಯುಪಿಎಸ್ ಇವು ಆ ಸಂಕೇತವನ್ನು ಗದ್ದಲವೆಂದು ತಿಳಿದು ನುಂಗಿಹಾಕುತ್ತವೆ. ಎರಡು ಸಾಕೆಟ್ಟುಗಳೂ ಒಂದೇ ಫೇಸಿನಲ್ಲಿದ್ದರೆ ಚೆನ್ನಾಗಿ ನಡೆಯುತ್ತದೆ, ಬೇರೆ ಬೇರೆ ಫೇಸ್ ಆದರೆ ವೇಗ ಕುಸಿಯುತ್ತದೆ. ಪೊಟ್ಟಣದ ಮೇಲೆ ಬರೆದ ವೇಗದಲ್ಲಿ ಕೈಗೆ ಸಿಗುವುದು ಸಣ್ಣ ಪಾಲು. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮೆಷಿನ್, ಗ್ರೈಂಡರ್ ಓಡಿಸುವವರಾದರೆ ಅವು ಓಡುವಾಗ ಸಂಪರ್ಕ ಕುಂಟುವುದನ್ನು ಸಹಿಸಬೇಕಾಗುತ್ತದೆ. ಹಿಂದಿರುಗಿಸಲು ಒಪ್ಪುವ ಕಡೆಯಿಂದಷ್ಟೇ ಕೊಳ್ಳಿ, ವೈರಿಂಗ್ ಹೇಗಿದೆಯೋ ಚುಚ್ಚಿ ನೋಡದ ಹೊರತು ತಿಳಿಯುವುದಿಲ್ಲ.

ಎರಡನೆಯದು, ವೈಫೈಯನ್ನೇ ಸರಿಯಾಗಿ ಬಳಸುವುದು. ಡೆಸ್ಕ್‌ಟಾಪಿನ ಹಿಂದೆ, ಗೋಡೆಗೂ ಕಬ್ಬಿಣದ ಡಬ್ಬಕ್ಕೂ ನಡುವೆ ಚುಚ್ಚಿದ ಪುಟ್ಟ ಯುಎಸ್‌ಬಿ ವೈಫೈ ಕಡ್ಡಿಗೆ ಏನೂ ಕೇಳಿಸುವುದಿಲ್ಲ. ಮೇಲಾಗಿ ಯುಎಸ್‌ಬಿ 3ರ ಪೋರ್ಟುಗಳು 2.4 ಗಿಗಾಹರ್ಟ್ಸಿನ ಸುತ್ತಲೇ ಗದ್ದಲ ಎಬ್ಬಿಸುತ್ತವೆ. ಒಂದೆರಡು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಆ ಕಡ್ಡಿಯನ್ನು ಮನೆಯ ಕಡೆಯ ಗೋಡೆಯ ಮೇಲೆ, ಎತ್ತರದಲ್ಲಿ ಕೂರಿಸಿ. ಇಷ್ಟರಿಂದಲೇ ಎಷ್ಟೋ ಕಡೆ ತೊಂದರೆ ಬಗೆಹರಿದದ್ದನ್ನು ನೋಡಿದ್ದೇನೆ. ಗೋಡೆಗಳು ಹೆಚ್ಚಿದ್ದಲ್ಲಿ 5 ಗಿಗಾಹರ್ಟ್ಸಿಗಿಂತ 2.4 ಚೆನ್ನಾಗಿ ತೂರುತ್ತದೆ, ಅದನ್ನೇ ಆರಿಸಿ.

ನಿಮ್ಮ ಗ್ಯಾರೇಜು ಮನೆಗೆ ತಾಗಿಕೊಂಡಿರುವುದು ಅದೃಷ್ಟ. ಇದನ್ನು ಓದುವ ಬೇರೆಯವರ ಗ್ಯಾರೇಜು ಅಂಗಳದ ಆಚೆ ಪ್ರತ್ಯೇಕವಾಗಿ ನಿಂತಿರಬಹುದು, ಅವರಿಗೆ ನನ್ನ ಮಾತು ಪೂರ್ತಿ ಬೇರೆ: ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆಯಬೇಡಿ. ಪರಿಚಿತರೊಬ್ಬರ ಷೆಡ್ಡಿಗೆ ನಾನೇ ಹಿಂದೊಮ್ಮೆ ಎಳೆದುಕೊಟ್ಟಿದ್ದೆ. ಒಂದು ರಾತ್ರಿ ಹತ್ತಿರದ ಮರಕ್ಕೆ ಸಿಡಿಲು ಹೊಡೆಯಿತು. ಮನೆಗೆ ಹೊಡೆಯಲಿಲ್ಲ, ಷೆಡ್ಡಿಗೂ ಹೊಡೆಯಲಿಲ್ಲ. ಆದರೂ ಬೆಳಿಗ್ಗೆ ನೋಡಿದರೆ ಎರಡೂ ಕಡೆಯ ಸ್ವಿಚ್ಚು ಸುಟ್ಟಿದ್ದವು, ಷೆಡ್ಡಿನ ಕಂಪ್ಯೂಟರಿನ ಮದರ್‌ಬೋರ್ಡೂ ಹೋಗಿತ್ತು. ಸಿಡಿಲು ನೆಲಕ್ಕಿಳಿದಾಗ ಆ ಸುತ್ತಿನ ನೆಲದ ವಿದ್ಯುತ್ ಮಟ್ಟವೇ ಏರುತ್ತದೆ, ಎಲ್ಲ ಕಡೆಯೂ ಒಂದೇ ಸಮನಾಗಿ ಅಲ್ಲ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ ಇದ್ದಾಗ ಆ ವ್ಯತ್ಯಾಸ ಸರಿತೂಗಿಸಿಕೊಳ್ಳಲು ನಮ್ಮ ತೆಳ್ಳನೆಯ ಕೇಬಲ್ಲನ್ನೇ ದಾರಿ ಮಾಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಕೇಬಲ್ ಮುಟ್ಟಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಅಂಥ ಕಡೆ ಆಪ್ಟಿಕಲ್ ಫೈಬರ್ ಎಳೆಯಬೇಕು. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ತುದಿಗಳಲ್ಲಿ ಕನೆಕ್ಟರ್ ಕೂರಿಸಿಯೇ ಮಾರುವ ಫೈಬರ್ ಕೇಬಲ್ಲೂ, ವಿದ್ಯುತ್ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಪೆಟ್ಟಿಗೆಗಳ ಒಂದು ಜೋಡಿಯೂ ಸಾಕು. ಕೇಬಲ್, ಪೆಟ್ಟಿಗೆ ಎರಡೂ ಸಿಂಗಲ್ ಮೋಡ್ ಆಗಿರಬೇಕು ಅಥವಾ ಎರಡೂ ಮಲ್ಟಿಮೋಡ್ ಆಗಿರಬೇಕು, ಬೆರಕೆ ಆಗಬಾರದು. ಬಲಕ್ಕೆಂದು ಒಳಗೆ ಉಕ್ಕಿನ ತಂತಿಯೋ ತಗಡೋ ಇಟ್ಟ ಕೇಬಲ್ ತಂದರೆ ಮತ್ತೆ ಲೋಹವೇ ಆಯಿತು, ಲೋಹವಿಲ್ಲದ್ದನ್ನು ಕೇಳಿ ತನ್ನಿ. ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಆ ಬೆಳಕು ಕಾಣಿಸುವುದಿಲ್ಲ, ಆದರೆ ಕಣ್ಣಿಗೆ ಕೆಟ್ಟದ್ದು.

ಗ್ಯಾರೇಜಿನಲ್ಲಿ ಕಂಪ್ಯೂಟರ್ ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿಕೊಳ್ಳುತ್ತದೆ. ಕಿಡಿ ಹಾರಬಹುದಾದ ಯಾವುದೂ, ಪ್ಲಗ್ಗು, ಯುಪಿಎಸ್, ಕಂಪ್ಯೂಟರ್, ನೆಲದ ಮೇಲೆ ಬೇಡ. ಅರ್ಧ ಮೀಟರಿಗಿಂತ ಮೇಲೆಯೇ ಇರಲಿ. ಸಾಮಾನ್ಯ ರೂಟರುಗಳನ್ನು 40 ಡಿಗ್ರಿ ಸೆಲ್ಸಿಯಸ್ ಬಿಸಿಯವರೆಗೆ ತಡೆಯುವಂತೆ ಮಾಡಿರುತ್ತಾರೆ. ತಗಡಿನ ಮಾಡಿನ ಕೆಳಗೆ, ಮಧ್ಯಾಹ್ನದ ಹೊತ್ತಿನಲ್ಲಿ, ಅದನ್ನು ಮೀರುವುದು ಸುಲಭ. ಆದ್ದರಿಂದ ಮಾಡಿಗೆ ತಾಗಿಸಿ ಇಡಬೇಡಿ, ಮುಚ್ಚಿದ ಡಬ್ಬಿಯಲ್ಲೂ ಇಡಬೇಡಿ. ಮರ ಅಥವಾ ಕಬ್ಬಿಣ ಉಜ್ಜುವ ಕೆಲಸ ಇದ್ದರೆ ಧೂಳು ಕಂಪ್ಯೂಟರಿನ ಫ್ಯಾನಿಗೆ ಹೋಗುತ್ತದೆ, ಕಬ್ಬಿಣದ ಪುಡಿ ವಿದ್ಯುತ್ ಹರಿಸುವುದರಿಂದ ಒಳಗೆ ಶಾರ್ಟ್ ಆಗಬಹುದು. ಗ್ರೈಂಡರ್ ಹಿಡಿಯುವಾಗ ಕಂಪ್ಯೂಟರ್ ಆಫ್ ಮಾಡಿ ಒಂದು ಬಟ್ಟೆ ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ.

ಫೈಲುಗಳಿಗೆ ಮನೆಯ ಕಂಪ್ಯೂಟರಿನಲ್ಲಿ ಒಂದೇ ಒಂದು ಫೋಲ್ಡರನ್ನು ಹಂಚಿಕೊಳ್ಳಿ, ಇಡೀ ಡ್ರೈವನ್ನಲ್ಲ. ವಿಂಡೋಸಿನಲ್ಲಿ ನೆಟ್‌ವರ್ಕನ್ನು ಪ್ರೈವೇಟ್ ಎಂದು ಗುರುತಿಸಿರಬೇಕು, ಇಲ್ಲದಿದ್ದರೆ ಹಂಚಿದ್ದು ಕಾಣುವುದಿಲ್ಲ. ಆ ಕಂಪ್ಯೂಟರಿನ ವಿಳಾಸ ದಿನಕ್ಕೊಂದು ಆಗದಿರಲು ಮನೆಯ ರೂಟರಿನಲ್ಲಿ ಅದಕ್ಕೊಂದು ವಿಳಾಸ ಕಾಯ್ದಿರಿಸಿ. ಹಳೆಯ ವಿಂಡೋಸ್ ಇರುವ ಯಂತ್ರ ಹೊಸದರ ಜೊತೆ ಮಾತಾಡದಿದ್ದಾಗ, ಫೈಲು ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯಾದ ಎಸ್‌ಎಂಬಿ 1 ಆನ್ ಮಾಡಿ ಎಂಬ ಸಲಹೆ ಸಿಗುತ್ತದೆ. ಅದನ್ನು ಕೇಳಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಆ ಹಳೆಯ ವ್ಯವಸ್ಥೆಯಲ್ಲಿದ್ದ ದೋಷದಿಂದಲೇ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ನಿಮ್ಮ ಗ್ಯಾರೇಜಿನ ಯಂತ್ರದಲ್ಲಿ ಇಂಥದ್ದೇ ಇದ್ದು, ಹೊಸದನ್ನು ಹಾಕುವಷ್ಟು ಶಕ್ತಿ ಅದಕ್ಕಿಲ್ಲದಿದ್ದರೆ, ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 4 ಗಿಗಾಬೈಟ್ ರ‍್ಯಾಮ್ ಇದ್ದರೆ ಮ್ಯಾನ್ಯುಯಲ್ ಓದಲು, ವಿಡಿಯೋ ನೋಡಲು ಆರಾಮವಾಗಿ ನಡೆಯುತ್ತದೆ, ಖರ್ಚೂ ಇಲ್ಲ.

ಭದ್ರತೆಗೆ ಇನ್ನೆರಡು ಮಾತು. ಪಾಸ್‌ವರ್ಡ್ ಬದಲು ಪಿನ್ ಅಥವಾ ಗುಂಡಿಯಿಂದ ಯಂತ್ರಗಳನ್ನು ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಅನ್ನು ಎರಡೂ ರೂಟರಿನಲ್ಲಿ ಆಫ್ ಮಾಡಿ. ಅದರ ಎಂಟಂಕಿಯ ಪಿನ್ನನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುತ್ತದೆ, ಹೀಗಾಗಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ. ಇದು 2011ರಲ್ಲೇ ಬಯಲಾಗಿದೆ. ಹಳೆಯ ರೂಟರ್ ವೈಫೈಗೆ ಹಾಕುವ ಡಬ್ಲ್ಯುಪಿಎ2 ಎಂಬ ಬೀಗವನ್ನು ಕೂಡ ಕೊಡಲಾರದಷ್ಟು ಹಳೆಯದಾದರೆ ಅದರ ವೈಫೈಯನ್ನೇ ಆಫ್ ಮಾಡಿ, ಬರೀ ಸ್ವಿಚ್ಚಾಗಿ ಬಳಸಿ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ಗ್ಯಾರೇಜಿನ ಕಂಪ್ಯೂಟರಿನ ವಿಳಾಸ ನೋಡಿ. 169.254ರಿಂದ ಶುರುವಾಗಿದ್ದರೆ ವಿಳಾಸ ಹಂಚುವ ರೂಟರನ್ನು ಅದು ತಲುಪಿಲ್ಲ ಎಂದರ್ಥ, ಕೇಬಲ್ಲನ್ನೂ ಪೋರ್ಟನ್ನೂ ಮತ್ತೆ ನೋಡಿ. ಸರಿಯಿದ್ದರೆ ಮನೆಯ ರೂಟರಿಗೆ ಪಿಂಗ್ ಕೊಡಿ (ಪುಟ್ಟ ಸಂದೇಶ ಕಳಿಸಿ ಉತ್ತರ ಬರುವ ಹೊತ್ತು ಅಳೆಯುವ ಆಜ್ಞೆ ಅದು), ವೈರಿನಲ್ಲಿ ಉತ್ತರ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ಒಂದೂ ತಪ್ಪದೆ ಬರಬೇಕು. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ ಸಂಪರ್ಕ 100 ಮೆಗಾಬಿಟ್ ಎಂದು ತೋರಿಸಿದರೆ ನೀಲಿ ಅಥವಾ ಕಂದು ಜೋಡಿಯ ಎಳೆಯೊಂದು ಸರಿಯಾಗಿ ಕೂತಿಲ್ಲ. 100 ಮೆಗಾಬಿಟ್ಟಿಗೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಪ್ಲಗ್ ಕತ್ತರಿಸಿ ಹೊಸದು ಕಟ್ಟಿ, ತುದಿಯಲ್ಲಿ ಎರಡು ಮೀಟರ್ ಹೆಚ್ಚಿಗೆ ಬಿಡಿ ಎಂದದ್ದು ಇದಕ್ಕೇ.

ಆ ರಿಪೀಟರನ್ನು ಎಸೆಯಬೇಡಿ. ಅದರ ಕೆಳಗೊಂದು ಕೇಬಲ್ ಪೋರ್ಟ್ ಇದೆಯೇ ನೋಡಿ. ಇದ್ದರೆ, ಆಕ್ಸೆಸ್ ಪಾಯಿಂಟ್ ಮೋಡ್ ಕೂಡ ಬಹುಶಃ ಇರುತ್ತದೆ. ಹಳೆಯ ರೂಟರ್ ಕೈಕೊಟ್ಟ ದಿನ ಗ್ಯಾರೇಜಿಗೆ ಬಂದ ಇದೇ ಕೇಬಲ್ಲಿಗೆ ಅದನ್ನು ಕಟ್ಟಿಕೊಳ್ಳಬಹುದು.